ಸವಳು ಗದ್ದೆಯಲ್ಲಿ ಮೂವತ್ತು ಚೀಲ ಭತ್ತ: ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಕಾರಟಗಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನನ್ನ ಎರೆ ಭೂಮಿಯಿದೆ. ಅದರಲ್ಲಿ ಒಂದೂವರೆ ಎಕರೆ ತಗ್ಗು. ಬೇಸಿಗೆ ಬಂದರೆ ಬೆಳ್ಳಗೆ ಉಪ್ಪು ಉಕ್ಕುತ್ತಿತ್ತು. "ಕಾಕಾ, ಅದನ್ನು ಇಟ್ಟಿಗೆ ಭಟ್ಟಿಗೆ ಕೊಟ್ಟುಬಿಡಿ" ಎಂದವರೇ ಈಗ ಬದುವಿನ ಮೇಲೆ ನಿಂತು ಚೀಲ ಎಣಿಸುತ್ತಾರೆ.

ಮಣ್ಣಿನ ಕ್ಷಾರ ಎಷ್ಟೆಂದು ಹೇಳುವ ರಸಸಾರ (pH) 9.2ರ ಆಸುಪಾಸಿತ್ತು. ನಾಟಿಯಾಗಿ ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಚುಕ್ಕೆ, ಪೈರು ಕುಂತಲ್ಲೇ ಕುಂತಿರುತ್ತಿತ್ತು. ಅದು ಸತುವಿನ ಕೊರತೆ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿದರೂ ಆ ಮಣ್ಣು ಅದನ್ನು ಪೈರಿಗೆ ಬಿಟ್ಟುಕೊಡಲಿಲ್ಲ. ಅದನ್ನೇ ಎಲೆಗೆ ಸಿಂಪಡಿಸಿದರೆ ಇದ್ದ ಎಲೆ ಹಸಿರಾಗುತ್ತಿತ್ತು, ಹೊಸ ಸುಳಿ ಮತ್ತೆ ಬಿಳಿಚಿಕೊಳ್ಳುತ್ತಿತ್ತು. ಯೂರಿಯಾ ಅರ್ಧಕ್ಕರ್ಧ ಗಾಳಿಗೆ ಹೋಗುತ್ತಿತ್ತು.

ಎಕರೆಗೆ ಎರಡು ಟನ್ ಜಿಪ್ಸಂ ಹಾಕಿದ ಮೊದಲ ವರ್ಷ ಸಾಗಣೆ ಸೇರಿ ಹತ್ತು ಸಾವಿರದ ಮೇಲೆ ಖರ್ಚಾಯಿತು, ಫಲ ಸೊನ್ನೆ. ಸವಳಿಗೆ ಕಾರಣವಾದ ಸೋಡಿಯಂ ಜಿಪ್ಸಂನಿಂದ ಮಣ್ಣು ಬಿಟ್ಟರೂ ಹೊರಗೆ ಹೋಗಲು ದಾರಿ ಎಲ್ಲಿತ್ತು? ಮುಂದಿನ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮೂರಡಿ ಆಳದ ಬಸಿಗಾಲುವೆ ತೋಡಿಸಿ ಹಳ್ಳಕ್ಕೆ ಕೂಡಿಸಿದೆ. ಪಕ್ಕದವರ ಜೊತೆ ನಡೆದ ಜಗಳ ಬೇರೆ ಕಥೆ. ಮತ್ತೆ ಜಿಪ್ಸಂ ಹಾಕಿ, ನೀರು ನಿಲ್ಲಿಸಿ ಬಸಿದೆ. ಹೀಗೆ ಹಲವು ಸಲ. ಮೊದಲೆಲ್ಲ ಗದ್ದೆಯ ನೀರು ವಾರವಾದರೂ ಚಹಾದಂತೆ ಕದಡಿಯೇ ಇರುತ್ತಿತ್ತು. ಜಿಪ್ಸಂ ಹಿಡಿದ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಕೆಸರು ತಳ ಸೇರಿ, ಬೆಳಿಗ್ಗೆ ಹೆಜ್ಜೆಯ ಗುರುತು ಕಾಣುತ್ತಿತ್ತು. ಎಷ್ಟು ತಿಳಿಯಾದಾಗ ಬದು ಕಡಿಯಬೇಕೆಂಬುದು ಮಾತ್ರ ನನ್ನಲ್ಲೇ ಇರಲಿ.

ಆಮೇಲೆ ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ, ಹೂ ಬರುವ ಮುನ್ನ, ಅಂದಾಜು 45 ದಿನಕ್ಕೆ, ರೊಳ್ಳಿ ಹೊಡೆದು ಮಣ್ಣಿಗೆ ಸೇರಿಸಿದೆ. ಡಿಎಪಿ ಗೊಬ್ಬರ ಬಿಟ್ಟು ಸಿಂಗಲ್ ಸೂಪರ್ ಫಾಸ್ಫೇಟ್, ಅಮೋನಿಯಂ ಸಲ್ಫೇಟ್ ಗೊಬ್ಬರ ಹಿಡಿದೆ. ಒಂದು ಮೂಲೆಗೆ ಗಂಧಕ ಹಾಕಿ ನೋಡಿದೆ. ನಿಧಾನದ ಮದ್ದು, ದುಬಾರಿ. ಮನೆಯ ಹಿತ್ತಲಲ್ಲಿ ಕಬ್ಬಿಣ ಸಿಗದೆ ನರ ಹಸಿರಿದ್ದು ಎಲೆ ಹಳದಿಯಾಗಿದ್ದ ಮಲ್ಲಿಗೆಗೆ ಕಬ್ಬಿಣದ ಸಲ್ಫೇಟ್ ನೀರಿಗೆ ನಿಂಬೆರಸ ಹಿಂಡಿ ಸಿಂಪಡಿಸಿದೆ. ಹತ್ತು ದಿನದಲ್ಲಿ ಬಣ್ಣ ತಿರುಗಿತು. ಮನೆಯವಳು ಅದರ ಶ್ರೇಯಸ್ಸನ್ನು ನಿಂಬೆಹಣ್ಣಿಗೆ ಕೊಟ್ಟಳು.

ರಸಸಾರ ಈಗ 8.4ರ ಹತ್ತಿರ. ತಗ್ಗಿನಲ್ಲಿ ಎಕರೆಗೆ ಹದಿನೈದು ಚೀಲ ಬರುತ್ತಿದ್ದಲ್ಲಿ ಮೊದಲು ಇಪ್ಪತ್ನಾಲ್ಕು, ಕಳೆದ ಬೆಳೆಯಲ್ಲಿ ಮೂವತ್ತು ದಾಟಿತು, ಎಲ್ಲವೂ 75 ಕಿಲೋ ತೂಕದ ಚೀಲಗಳೇ. ಕಾಲುವೆ, ಜಿಪ್ಸಂ, ಕೂಲಿ ಸೇರಿ ಹೆಚ್ಚುಕಡಿಮೆ ಐವತ್ತು ಸಾವಿರ ಸುರಿದಿದ್ದೆ. ಹೆಚ್ಚುವರಿ ಭತ್ತದಲ್ಲಿ ಅದು ಕೈ ಸೇರಿದೆ. ಸವಳು ತಡೆಯುವ ಗಂಗಾವತಿ ಸೋನಾ ಭತ್ತದ ತಳಿಯನ್ನು ಈ ಸಲ ಅದೇ ತಗ್ಗಿಗೆ ನಾಟಿ ಮಾಡಿಸಿದ್ದೇನೆ. ಬಸಿಗಾಲುವೆಯ ಹೂಳು ತೆಗೆಯಲು ಇದೇ ವಾರ ಆಳು ಹೇಳಿದ್ದೇನೆ.