ಆಷಾಢದಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸಿದ ನನ್ನ ಅನುಭವ

2025ರ ಜುಲೈನಲ್ಲಿ ನಾನು ಎಡಿಟಿಂಗ್ ಪಿಸಿಯ ಎನ್ವಿಡಿಯಾ 3060 ಗ್ರಾಫಿಕ್ಸ್ ಕಾರ್ಡ್ ಮಾರಿ, 16 ಜಿಬಿ ಮೆಮೊರಿಯ 5060 ಟಿಐ ತಂದಾಗ ಹಾಸನದ ನಮ್ಮ ಮದುವೆ ವಿಡಿಯೋ ಬಳಗ ಪೂರ್ತಿ ಬೈದಿತ್ತು. "ದೀಪಾವಳಿ ತನಕ ತಡಿ, ಆಫರ್ ಬರುತ್ತೆ" ಅಂದರು. ದೀಪಾವಳಿ ಬಂತು. ಅಷ್ಟರಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲ ಬಾಚಿಕೊಂಡು ರ‍್ಯಾಮ್ ಬೆಲೆ ಏರತೊಡಗಿತ್ತು (ಗ್ರಾಫಿಕ್ಸ್ ಕಾರ್ಡಿಗೂ ಮೆಮೊರಿ ಚಿಪ್ ಬೇಕಲ್ಲ), ಡಿಸೆಂಬರ್‌ನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂದುಬಿಟ್ಟಿತು. ಈಗ ಅದೇ ಗೆಳೆಯರು ಫೋನ್ ಮಾಡಿ "ನಿಂಗೆ ಹೆಂಗೆ ಗೊತ್ತಾಯ್ತು?" ಅಂತ ಕೇಳುತ್ತಾರೆ. ನನಗೆ ಏನೂ ಗೊತ್ತಿರಲಿಲ್ಲ. ಬೆಲೆ ಊಹಿಸುವ ಚಟ ಬಿಟ್ಟಿದ್ದೆ, ಅಷ್ಟೇ.

ಮೊದಲು ಊಹಿಸುತ್ತಿದ್ದೆ. 2021ರಲ್ಲಿ ಆಗಿನ ನನ್ನ ಕಾರ್ಡ್ 1060ಗೆ ಒಬ್ಬರು 18 ಸಾವಿರ ಕೊಡ್ತೀನಿ ಅಂದರು. ಅದಕ್ಕೂ ನಾಲ್ಕು ವರ್ಷ ಹಿಂದೆ ನಾನು ಕೊಟ್ಟಿದ್ದೇ 23ರ ಹತ್ತಿರ. ಇನ್ನೂ ಏರಲಿ ಅಂತ ಕೂತೆ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ ನಿಂತು ಕಾರ್ಡ್‌ಗಳು ಸಂತೆಗೆ ಬಂದವು, ನನ್ನದನ್ನು ಏಳು ಸಾವಿರಕ್ಕೂ ಕೇಳುವವರಿಲ್ಲ. ಆ ಹೊಟ್ಟೆಯುರಿಗೆ ಬಿಲ್ ಇಲ್ಲದ 3070 ಒಂದನ್ನು 23 ಸಾವಿರಕ್ಕೆ ತಂದೆ. ಐದು ವಾರ ಓಡಿತು. ಒಂದು ರಾತ್ರಿ ರಿಸೆಪ್ಷನ್ ಎಡಿಟ್ ಮಾಡುವಾಗ ಮದುಮಗಳ ಮುಖದ ಮೇಲೆ ಹಸಿರು ಚೌಕಗಳು. ಫುಟೇಜ್ ಹೋಯಿತು ಅಂತ ಎದೆ ಧಸಕ್ ಅಂದಿತು. ಎರಡು ಗಂಟೆ ಕ್ಯಾಮೆರಾ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಪಿಸಿ ರೀಸ್ಟಾರ್ಟ್ ಮಾಡಿದರೆ ಮೊದಲು ಬರುವ ಬಯಾಸ್ ಪರದೆ ಮೇಲೂ ಅದೇ ಚೌಕ! ಕೆಟ್ಟದ್ದು ಫುಟೇಜ್ ಅಲ್ಲ, ಗ್ರಾಫಿಕ್ಸ್ ಕಾರ್ಡ್. ರಿಪೇರಿಗೆ 1,800 ಕೊಟ್ಟೆ, ಒಂಬತ್ತು ದಿನ ಬಂತು. ಅದರ ಒಂದು ಫ್ಯಾನ್ ಈಗ ಮಗಳ ಗೊಂಬೆಮನೆಯಲ್ಲಿದೆ.

2023ರ ಫೆಬ್ರವರಿಯಲ್ಲಿ ಹೊಸ 3060 12 ಜಿಬಿ, 29 ಸಾವಿರ ಚಿಲ್ಲರೆ, ಬಿಲ್ ಸಮೇತ. ಅಲ್ಲಿಂದ ಭಾನುವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಎರಡು ಅಂಕಿ ಬರೆಯುತ್ತೇನೆ: ನನ್ನ ಕಾರ್ಡ್ ಮಾರಿದರೆ ಎಷ್ಟು ಸಿಗುತ್ತೆ, ಬೇಕಾದ ಕಾರ್ಡಿಗೆ ಎಷ್ಟು. ನೋಡುವುದು ನಡುವಿನ ಅಂತರ ಮಾತ್ರ. ಹೊಸದರ ಬೆಲೆ ಏರಿದರೆ ಹಳೆಯದಕ್ಕೂ ಏರುತ್ತೆ ಅಲ್ವಾ? ಆ ಅಂತರ ಒಂದೇ ಮದುವೆ ಸೀಸನ್ನಿನಲ್ಲಿ ಹುಟ್ಟುವಂತಿದ್ದರೆ ತಗೊಳ್ಳುವುದು.

4ಕೆ ಫುಟೇಜ್‌ಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳು ಕಾಳು ತೆಗೆಯುವುದು) ಹಾಕಿದರೆ 3060ರ 12 ಜಿಬಿ ಮೆಮೊರಿ ತುಂಬಿ ರೆಂಡರ್, ಅಂದರೆ ಕೊನೆಯ ವಿಡಿಯೋ ತಯಾರಾಗುವುದು, ನಿಲ್ಲುತ್ತಿತ್ತು. ಮದುವೆಗೆ ಮೂರು ಗಂಟೆ ದಂಡ. ಗಂಟೆಗೆ 350 ಹಿಡಿದರೆ ಮೂವತ್ತು ಮದುವೆಗೆ 31 ಸಾವಿರ. ಹೆಂಡತಿ ಈ ಲೆಕ್ಕ ಒಪ್ಪುವುದಿಲ್ಲ. "ಉಳಿದ ಮೂರು ಗಂಟೆ ಮೊಬೈಲ್ ನೋಡ್ತೀರಿ" ಅಂತಾಳೆ. ಸ್ವಲ್ಪ ನಿಜ.

ಖರ್ಚಿಲ್ಲದೆ ಆಗುತ್ತಾ ಅಂತ ಮೊದಲು ಕೆಲವು ಆಟ ಆಡಿದೆ. 3060ನ್ನು ಅಂಡರ್‌ವೋಲ್ಟ್ ಮಾಡಿ, ಅಂದರೆ ವೋಲ್ಟೇಜ್ ತಗ್ಗಿಸಿ, 170 ವಾಟ್‌ನಿಂದ 130ಕ್ಕೆ ಇಳಿಸಿದೆ. ಹತ್ತು ಡಿಗ್ರಿ ತಣ್ಣಗಾಯಿತು, ಇಪ್ಪತ್ತು ನಿಮಿಷದ ರೆಂಡರ್‌ಗೆ ಒಂದು ನಿಮಿಷ ಜಾಸ್ತಿ ಹಿಡಿಯಿತು. ಮೆಮೊರಿ ಮಾತ್ರ ಅಷ್ಟೇ ಇತ್ತು! ಹಳೆ 1060ನ್ನೂ ಎರಡನೇ ಸ್ಲಾಟಿಗೆ ತುರುಕಿದೆ. ಪಿಸಿಗೆ ಕರೆಂಟ್ ಕೊಡುವ 450 ವಾಟಿನ ಎಸ್‌ಎಂಪಿಎಸ್ ಟಪ್ ಅಂತ ಆಫ್, ಯುಪಿಎಸ್ ಒಂದೇ ಸಮ ಅರಚಾಟ.

ಆಷಾಢ ಯಾಕೆ? ನಮಗೆ ಆಗ ಮದುವೆ ಇಲ್ಲ. ಕಾರ್ಡ್ ಇಲ್ಲದೆ ಹನ್ನೊಂದು ದಿನ ಪಿಸಿಯಲ್ಲೇ ಇರುವ ಆನ್‌ಬೋರ್ಡ್ ಗ್ರಾಫಿಕ್ಸ್‌ನಲ್ಲಿ ಕೂತರೂ ನಷ್ಟವಿಲ್ಲ, ಹಾಗಾಗಿ ಮೊದಲು ಮಾರಿ, ದುಡ್ಡು ಎಣಿಸಿಕೊಂಡು, ಆಮೇಲೆ ಕೊಳ್ಳಬಹುದು. 3060ರ ಮೂರು ವರ್ಷದ ವಾರಂಟಿಯಲ್ಲಿ ಏಳು ತಿಂಗಳು ಬಾಕಿ ಇದ್ದದ್ದರಿಂದ 17 ಸಾವಿರ ಬಂತು. ವಾರಂಟಿ ಮುಗಿದಿದ್ದರೆ 13 ದಾಟುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ 44,500ಕ್ಕೆ ಹೊಸದು ತಂದೆ. ಅಲ್ಲಿ ಬೆಲೆ ಕೇಳುವುದಕ್ಕೆ ಒಂದು ರೀತಿ ಇದೆ, ಅದನ್ನು ಬರೆದರೆ ಮುಂದಿನ ಸಲ ನನಗೇ ನಡೆಯಲ್ಲ.

2026ರ ಜನವರಿಯಲ್ಲಿ ಸುಮ್ನೆ ಅದೇ ಅಂಗಡಿಗೆ ಕೇಳಿದೆ. 52 ಅಂದರು. ಹಳೆ 3060ಗೂ 20 ಸಿಗುತ್ತಿತ್ತು. ಅಂದರೆ ನನಗೆ ಉಳಿದದ್ದು ನಾಲ್ಕೂವರೆ ಸಾವಿರ, ಗೆಳೆಯರು ಅಂದುಕೊಂಡಷ್ಟೇನಲ್ಲ. ಹೊಸ ಎಸ್‌ಎಂಪಿಎಸ್‌ಗೆ ಕೊಟ್ಟ 4,600 ಇದರಲ್ಲಿ ಸೇರಿಲ್ಲ, ಅದನ್ನು ನೋಟ್‌ಬುಕ್ಕಿನ ಬೇರೆ ಪುಟದಲ್ಲಿ ಬರೆದಿದ್ದೇನೆ.