ಎದೆಗೆ ತಾಗುವ ಬೇಸ್‌ಗೆ ಮನೆಯಲ್ಲೇ ಕಟ್ಟಿದ ಸಬ್‌ವೂಫರ್

ಟೆಕ್ನೋ, ಡಬ್‌ಸ್ಟೆಪ್, ಡ್ರಮ್ ಅಂಡ್ ಬೇಸ್ ಸಂಗೀತವನ್ನು ಮೊಬೈಲ್‌ನಲ್ಲೋ ಅಂಗೈಯಗಲದ ಬ್ಲೂಟೂತ್ ಸ್ಪೀಕರ್‌ನಲ್ಲೋ ಕೇಳಿದರೆ ಹಾಡಿನ ಬುಡವೇ ಕಿವಿಗೆ ಬೀಳುವುದಿಲ್ಲ. ಕಿಕ್ ಡ್ರಮ್‌ನ ಗುದ್ದು ಇರುವುದು 50–60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ. ಬೇಸ್‌ಲೈನ್ ಇನ್ನೂ ಕೆಳಗಿಳಿದು 40ರ ಹತ್ತಿರ ಓಡಾಡುತ್ತದೆ. ಪುಟ್ಟ ಸ್ಪೀಕರ್‌ಗಳು 100 ಹರ್ಟ್ಸ್‌ಗೆ ಮೊದಲೇ ಕೈಚೆಲ್ಲುತ್ತವೆ. ಆ ಕೆಳಗಿನ ಭಾಗ ಕಿವಿಗಿಂತ ಹೆಚ್ಚಾಗಿ ಎದೆಗೆ, ಕಾಲಡಿಯ ನೆಲಕ್ಕೆ ಗೊತ್ತಾಗುವಂಥದ್ದು. ಅದಿಲ್ಲದೆ ಈ ಸಂಗೀತ ಅರ್ಧವೂ ಅಲ್ಲ. ಆ ಭಾಗವನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆಯೇ ಸಬ್‌ವೂಫರ್.

ಈ ಸಂಗೀತದ ಬಹುಪಾಲು ಬೆಳೆದದ್ದೇ ಕೈಯಲ್ಲಿ ಕಟ್ಟಿದ ಪೆಟ್ಟಿಗೆಗಳ ಮುಂದೆ. 1950ರ ದಶಕದಿಂದ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಬೀದಿ ಕುಣಿತಕ್ಕೆಂದು ಜನ ತಾವೇ ಆಳೆತ್ತರದ ಸ್ಪೀಕರ್ ಬಾಕ್ಸ್ ಮಾಡಿಸಿಕೊಳ್ಳುತ್ತಿದ್ದರು. ರೆಗ್ಗೆಯಿಂದ ಹುಟ್ಟಿದ ಡಬ್ ಸಂಗೀತದ ದೊಡ್ಡ ಹೆಸರಾದ ಕಿಂಗ್ ಟಬ್ಬಿ ಮೂಲತಃ ರೇಡಿಯೊ ರಿಪೇರಿ ಮಾಡುತ್ತಿದ್ದವರು; ತಮ್ಮ ಸೌಂಡ್ ಸಿಸ್ಟಂನ ಆಂಪ್ಲಿಫೈಯರ್‌ಗಳನ್ನು ತಾವೇ ಕಟ್ಟಿಕೊಂಡವರು. ವಲಸೆ ಹೋದವರ ಜೊತೆ ಆ ಪೆಟ್ಟಿಗೆಗಳ ಸಂಸ್ಕೃತಿ ಇಂಗ್ಲೆಂಡಿಗೆ ಹೋಯಿತು. ಜಂಗಲ್, ಡಬ್‌ಸ್ಟೆಪ್ ಪ್ರಕಾರಗಳು ಅದರ ನೆರಳಲ್ಲೇ ಹುಟ್ಟಿದವು.

ಅಂಗಡಿಯಲ್ಲಿ ಸಾವಿರಗಟ್ಟಲೆ ವ್ಯಾಟ್ ಬರೆದ ಡಬ್ಬಗಳು ಸಿಗುವಾಗ ಸಬ್‌ವೂಫರನ್ನು ಕೈಯಾರೆ ಏಕೆ ಮಾಡಬೇಕು? ಬೇಸ್ ಬರುವುದು ವ್ಯಾಟ್‌ನಿಂದಲ್ಲ, ಪೆಟ್ಟಿಗೆಯ ಲೆಕ್ಕದಿಂದ. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಅದೇ ಪೆಟ್ಟಿಗೆಯನ್ನು ನೀವು ಕೇಳುವ ಸಂಗೀತಕ್ಕೆ ತಕ್ಕಂತೆ ಒಂದು ಸ್ವರಕ್ಕೆ ಹೊಂದಿಸಿ ಟ್ಯೂನ್ ಮಾಡಿದರೆ ಸಾಧಾರಣ ಡ್ರೈವರ್ (ಪೆಟ್ಟಿಗೆಯಲ್ಲಿ ಕೂರಿಸುವ ಸ್ಪೀಕರ್ ಘಟಕ) ಕೂಡ ಕೋಣೆ ತುಂಬುತ್ತದೆ. ಇಲ್ಲಿ ಕೊಟ್ಟಿರುವುದು ಒಂದು 12 ಇಂಚಿನ ಡ್ರೈವರ್, ಒಂದು ಪಿವಿಸಿ ಪೈಪ್, ಅರ್ಧ ಶೀಟ್ ಪ್ಲೈವುಡ್‌ನಲ್ಲಿ ಆಗುವ, 35 ಹರ್ಟ್ಸ್‌ಗೆ ಟ್ಯೂನ್ ಮಾಡಿದ ವಿನ್ಯಾಸ. ಹಾಲ್‌ನಲ್ಲಿ, ಗೆಳೆಯರ ಪುಟ್ಟ ಕೂಟದಲ್ಲಿ ಧಾರಾಳವಾಗಿ ಸಾಕು. ಬಯಲಲ್ಲಿ ನೂರು ಜನರನ್ನು ಕುಣಿಸಲು ಇದು ಸಾಲದು.

35 ಹರ್ಟ್ಸ್ ಏಕೆ?

ಬೇಸ್‌ಲೈನ್‌ಗಳ ಕೆಳ ಸ್ವರಗಳನ್ನು ನೋಡಿ: ಇ ಸ್ವರ 41 ಹರ್ಟ್ಸ್, ಎಫ್ ಸುಮಾರು 44, ಜಿ 49, ಎ 55. ಇದಕ್ಕಿಂತ ಬಹಳ ಕೆಳಗೆ ಇಳಿಯುವ ಹಾಡುಗಳಿವೆ, ಆದರೆ ಕಡಿಮೆ. ಸಿನಿಮಾದ ಸ್ಫೋಟದ ಸದ್ದಿಗಾಗಿ ಮಾಡುವ ಹೋಂ ಥಿಯೇಟರ್ ಸಬ್‌ವೂಫರ್‌ಗಳನ್ನು 20 ಹರ್ಟ್ಸ್‌ವರೆಗೂ ಇಳಿಸುತ್ತಾರೆ. ಅದಕ್ಕೆ ತೆರುವ ಬೆಲೆ ದೊಡ್ಡದು: ಅಷ್ಟೇ ಜೋರು ಸದ್ದಿಗೆ ಆವರ್ತನ ಅರ್ಧವಾದರೆ ಕೋನ್ (ಡ್ರೈವರ್‌ನ ಅದುರುವ ಶಂಕು) ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಕುಣಿತದ ಸಂಗೀತಕ್ಕೆ 35 ಹರ್ಟ್ಸ್‌ಗೆ ನಿಲ್ಲಿಸಿದರೆ 40ರಿಂದ 60ರ ನಡುವೆ, ಅಂದರೆ ಬೇಕಾದ ಜಾಗದಲ್ಲೇ, ಬಲ ಉಳಿಯುತ್ತದೆ.

ಡ್ರೈವರ್ ಆರಿಸುವುದು

ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಇದೆ, ಬೇರೆ ಊರುಗಳಲ್ಲಿ ಕಾರ್ ಆಡಿಯೊ ಅಂಗಡಿಗಳಿವೆ. ಎಲ್ಲೇ ಕೊಳ್ಳಿ, ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಉಬ್ಬಿಸಿದ ಅಂಕಿಯನ್ನು ಕಣ್ಣೆತ್ತಿಯೂ ನೋಡಬೇಡಿ. ಆರ್‌ಎಂಎಸ್ ವ್ಯಾಟ್ (ನಿರಂತರವಾಗಿ ತಡೆಯುವ ಶಕ್ತಿ) ಕೇಳಿ. ಅದಕ್ಕಿಂತ ಮುಖ್ಯವಾಗಿ ಡ್ರೈವರ್ ಜೊತೆ ಬರುವ ಚೀಟಿಯಲ್ಲಿ ಥೀಲ್–ಸ್ಮಾಲ್ ಅಂಕಿಗಳಿವೆಯೇ ನೋಡಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ಬೆನ್ನಿಗೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಪೆಟ್ಟಿಗೆ ಕಟ್ಟುವುದು ಅಂದಾಜಿನ ಕೆಲಸವಾಗದೆ ಲೆಕ್ಕದ ಕೆಲಸವಾದದ್ದು ಇವರಿಂದ.

ನಮ್ಮ ಪೆಟ್ಟಿಗೆಗೆ ಎಫ್‌ಎಸ್ (ಡ್ರೈವರ್ ತಾನೇ ಅನುರಣಿಸುವ ಆವರ್ತನ) 25ರಿಂದ 35 ಹರ್ಟ್ಸ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಹಿಡಿತದಲ್ಲಿದೆ ಎಂಬ ಅಂಕಿ) 0.35ರಿಂದ 0.5, ಎಕ್ಸ್‌ಮ್ಯಾಕ್ಸ್ (ಕೋನ್ ಒಂದು ಬದಿಗೆ ಸರಿಯಾಗಿ ಚಲಿಸಬಲ್ಲ ದೂರ) 8 ಮಿ.ಮೀ.ಗಿಂತ ಮೇಲೆ ಇರುವ 12 ಇಂಚಿನ ಡ್ರೈವರ್ ಹೊಂದುತ್ತದೆ. ಕೊಂಡ ಮೇಲೆ ಅಂಕಿಗಳನ್ನು ವಿನ್‌ಐಎಸ್‌ಡಿ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ, 60 ಲೀಟರ್, 35 ಹರ್ಟ್ಸ್ ಎಂದು ಕೊಟ್ಟು ರೇಖೆ ನೋಡಿ. 40 ಹರ್ಟ್ಸ್‌ವರೆಗೆ ಹೆಚ್ಚು ಏರಿಳಿತವಿಲ್ಲದೆ ಬಂದರೆ ಮುಂದುವರಿಯಿರಿ. ಚೀಟಿಯೂ ಇಲ್ಲ, ಅಂಕಿಯೂ ಇಲ್ಲ ಎನ್ನುವ ಡ್ರೈವರ್ ಎಷ್ಟೇ ಅಗ್ಗವಾದರೂ ಬೇಡ.

ಎರಡು ಕಾಯಿಲ್ (ಕೋನ್ ಅಲುಗಿಸುವ ತಂತಿ ಸುರುಳಿ) ಇರುವ ಡ್ರೈವರ್ ಆದರೆ ಜೋಡಣೆಯ ಮೇಲೆ ನಿಗಾ ಇರಲಿ. 4 ಓಮ್‌ನ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಎರಡು ಕಾಯಿಲ್ ಸರಣಿಯಲ್ಲಿ 8 ಓಮ್ ಆಗುತ್ತವೆ, ಸಮಾನಾಂತರದಲ್ಲಿ 2 ಓಮ್. 2 ಓಮ್ ತಡೆಯದ ಆಂಪ್ಲಿಫೈಯರ್‌ಗಳೇ ಹೆಚ್ಚು.

ಪ್ಲೈವುಡ್ ಮತ್ತು ಅಳತೆ

18 ಮಿ.ಮೀ.ನ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆಯ ಪ್ಲೈವುಡ್ ತೆಗೆದುಕೊಳ್ಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಮತಟ್ಟಾಗಿರುತ್ತದೆ, ಕತ್ತರಿಸಲು ಸುಲಭ, ನಿಜ. ಆದರೆ ಮಲೆನಾಡು, ಕರಾವಳಿಯ ಮಳೆಗಾಲದ ತೇವ ಕುಡಿದು ಅದು ಉಬ್ಬುತ್ತದೆ. ಸ್ಕ್ರೂ ಹಿಡಿತ ಬಿಡುತ್ತದೆ. ಪ್ಲೈವುಡ್‌ನಲ್ಲಿ ನೋಡಬೇಕಾದ್ದು ಅಂಚು. ಪದರಗಳ ನಡುವೆ ಸಂದಿ, ಖಾಲಿ ಜಾಗ ಕಂಡರೆ ಆ ಶೀಟ್ ಬೇಡ. ಅಂಥ ಟೊಳ್ಳು ಬೇಸ್ ಬಂದಾಗಲೆಲ್ಲ ಝರಝರ ಎನ್ನುತ್ತದೆ, ಪೆಟ್ಟಿಗೆ ಮುಚ್ಚಿದ ಮೇಲೆ ಅದಕ್ಕೆ ಮದ್ದಿಲ್ಲ.

ಒಳ ಅಳತೆ 36 ಸೆಂ.ಮೀ. ಅಗಲ, 50 ಎತ್ತರ, 37 ಆಳ. ಗುಣಿಸಿದರೆ 66.6 ಲೀಟರ್. ಡ್ರೈವರ್, ಪೈಪ್, ಒಳಗಿನ ಆಧಾರ ಪಟ್ಟಿಗಳು ನುಂಗುವ ಜಾಗ ಕಳೆದರೆ ಉಳಿಯುವುದು ಸುಮಾರು 60 ಲೀಟರ್. ಕತ್ತರಿಸಬೇಕಾದ ಹಲಗೆಗಳು ಹೀಗಿವೆ:

ಮುಂದಿನ ಮತ್ತು ಹಿಂದಿನ ಹಲಗೆ – 39.6 × 53.6 ಸೆಂ.ಮೀ., ಎರಡು
ಪಕ್ಕದ ಹಲಗೆ – 50 × 37 ಸೆಂ.ಮೀ., ಎರಡು
ಮೇಲಿನ ಮತ್ತು ಕೆಳಗಿನ ಹಲಗೆ – 39.6 × 37 ಸೆಂ.ಮೀ., ಎರಡು

4 ಅಡಿಗೆ 4 ಅಡಿಯ ಅರ್ಧ ಶೀಟ್‌ನಲ್ಲಿ ಇಷ್ಟೂ ಬಂದು, ಆಧಾರ ಪಟ್ಟಿಗಳಿಗೆ ಒಂದು ತುಂಡು ಮಿಗುತ್ತದೆ. ಪ್ಲೈವುಡ್ ಅಂಗಡಿಯಲ್ಲೋ ಬಡಗಿಯ ಹತ್ತಿರವೋ ಟೇಬಲ್ ಗರಗಸದಲ್ಲಿ ಕತ್ತರಿಸಿಸಿ. ಕೈಗರಗಸದಲ್ಲಿ 2 ಮಿ.ಮೀ. ವಾರೆಯಾದರೂ ಮೂಲೆಯಲ್ಲಿ ಗಾಳಿ ಸೋರುತ್ತದೆ.

ಮುಂದಿನ ಹಲಗೆಯ ನಡುಗೆರೆಯ ಮೇಲೆ, ಕೆಳಗಿನಿಂದ 19 ಸೆಂ.ಮೀ.ಗೆ ಡ್ರೈವರ್‌ನ ಕೇಂದ್ರ, 43 ಸೆಂ.ಮೀ.ಗೆ ಪೈಪ್‌ನ ಕೇಂದ್ರ ಗುರುತಿಸಿ. ಡ್ರೈವರ್ ತೂತಿನ ವ್ಯಾಸ ಸಾಮಾನ್ಯವಾಗಿ 28 ಸೆಂ.ಮೀ. ಹತ್ತಿರ ಇರುತ್ತದೆ, ನಿಮ್ಮ ಡ್ರೈವರ್ ಅಳೆದೇ ಗೆರೆ ಹಾಕಿ. ಜಿಗ್‌ಸಾ ಬ್ಲೇಡನ್ನು ಗೆರೆಯ ಒಳಬದಿಯಲ್ಲಿ ಓಡಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಸರಿಪಡಿಸಿ.

ಜೋಡಿಸುವುದು

ಬಲ ಕೊಡುವುದು ಅಂಟು. ಅಂಟು ಒಣಗುವ ತನಕ ಹಿಡಿದಿಡಲು ಸ್ಕ್ರೂ. ಅಂಚಿನ ಉದ್ದಕ್ಕೂ ಫೆವಿಕಾಲ್ ಧಾರಾಳವಾಗಿ ಹಚ್ಚಿ. ಬಿಗಿದಾಗ ಸಂದಿಯಿಂದ ಸಣ್ಣ ಮಣಿಗಳಾಗಿ ಹೊರಗೆ ಉಕ್ಕಬೇಕು, ಉಕ್ಕದಿದ್ದರೆ ಸಾಲದು ಎಂದರ್ಥ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಿರಿ. ಇಲ್ಲವಾದರೆ ಪ್ಲೈವುಡ್‌ನ ಅಂಚು ಸೀಳುತ್ತದೆ. ಮೇಲೆ, ಕೆಳಗೆ, ಪಕ್ಕದ ಹಲಗೆಗಳನ್ನು ಮೊದಲು ಚೌಕಟ್ಟಾಗಿ ಕೂಡಿಸಿ. ಎರಡು ಕರ್ಣಗಳನ್ನೂ ಟೇಪ್ ಹಿಡಿದು ಅಳೆಯಿರಿ. ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ. ಆಮೇಲೆ ಹಿಂದಿನ ಹಲಗೆ, ಕೊನೆಗೆ ಮುಂದಿನದು.

ಮುಚ್ಚುವ ಮೊದಲು 5 ಸೆಂ.ಮೀ. ಅಗಲದ ಪಟ್ಟಿಗಳನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಮೇಲಿನಿಂದ ಕೆಳಕ್ಕೆ ಅಡ್ಡ ಕೊಡಿ. ಡ್ರೈವರ್‌ನ ಮ್ಯಾಗ್ನೆಟ್‌ಗೂ ಪೈಪ್‌ಗೂ ತಾಗಬಾರದು. ಹಲಗೆಗಳು ತಾವೇ ಅದುರಿದರೆ ಸಬ್‌ವೂಫರ್ ಸದ್ದು ಡಬ್ಬ ಬಡಿದಂತಾಗುತ್ತದೆ. ಒಳಗಿನ ಎಲ್ಲ ಮೂಲೆಗಳಿಗೂ ಸಿಲಿಕಾನ್ ಸೀಲೆಂಟ್ ಎಳೆದು ಒಂದು ದಿನ ಒಣಗಲು ಬಿಡಿ.

ಪೈಪ್‌ನ ಲೆಕ್ಕ

ಇದು ಕೆಲಸದ ಹೃದಯಭಾಗ. ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗ್‌ನಂತೆ, ಪೈಪ್‌ನೊಳಗಿನ ಗಾಳಿ ತೂಕದಂತೆ ಕೆಲಸ ಮಾಡಿ ಒಂದು ಸ್ವರಕ್ಕೆ ತೂಗುತ್ತವೆ. ಆ ಸ್ವರವೇ ಟ್ಯೂನಿಂಗ್. ನಲ್ಲಿ ಸಾಮಾನಿನ ಅಂಗಡಿಯಲ್ಲಿ 4 ಇಂಚು ಎಂದು ಕೊಡುವ 110 ಮಿ.ಮೀ. ಪೈಪ್ ಸಾಕು. ಗೋಡೆಯ ದಪ್ಪ ಬೇರೆ ಬೇರೆ ಇರುವುದರಿಂದ ಒಳವ್ಯಾಸವನ್ನು ನೀವೇ ಅಳೆಯಿರಿ. 10.4 ಸೆಂ.ಮೀ. ಎಂದಿಟ್ಟುಕೊಳ್ಳೋಣ.

ಒಳವ್ಯಾಸದ ವರ್ಗವನ್ನು 23562ರಿಂದ ಗುಣಿಸಿ. ಟ್ಯೂನಿಂಗ್ ಆವರ್ತನದ ವರ್ಗವನ್ನು ಲೀಟರ್‌ನಿಂದ ಗುಣಿಸಿ ಅದರಿಂದ ಭಾಗಿಸಿ. ಬಂದದ್ದರಿಂದ ಒಳವ್ಯಾಸದ 0.73 ಪಟ್ಟು ಕಳೆಯಿರಿ. ನಮ್ಮ ಲೆಕ್ಕದಲ್ಲಿ 108.16 × 23562 ÷ (1225 × 60) ಎಂದರೆ 34.7. ಅದರಲ್ಲಿ 7.6 ಕಳೆದರೆ ಸುಮಾರು 27 ಸೆಂ.ಮೀ. ಇದು ಮುಂದಿನ ಹಲಗೆಯ ದಪ್ಪವೂ ಸೇರಿದ ಉದ್ದ.

ಆದರೂ 29 ಸೆಂ.ಮೀ.ಗೇ ಕತ್ತರಿಸಿ, ಅಂಟಿಸದೆ ಬಿಗಿಯಾಗಿ ತೂರಿಸಿ ಇಡಿ. ಒಂದು ಸೆಂಟಿಮೀಟರ್ ಕತ್ತರಿಸಿದರೆ ಟ್ಯೂನಿಂಗ್ ಸುಮಾರು ಅರ್ಧ ಹರ್ಟ್ಸ್ ಮೇಲೇರುತ್ತದೆ. ಕತ್ತರಿಸಿದ್ದನ್ನು ಮರಳಿ ಜೋಡಿಸಲಾಗದು. ಪೈಪ್‌ನ ಎರಡೂ ಬಾಯಿಯ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ದುಂಡಗೆ ಉಜ್ಜಿ, ಇಲ್ಲದಿದ್ದರೆ ಜೋರಾದ ಬೇಸ್‌ನಲ್ಲಿ ಗಾಳಿ ಸುಯ್‌ಗುಟ್ಟುತ್ತದೆ. ಈ ಪೈಪ್ 150 ವ್ಯಾಟ್‌ವರೆಗೆ ಒಳ್ಳೆಯದು. 300, 400 ವ್ಯಾಟ್ ಕೊಡುವ ಆಸೆಯಿದ್ದರೆ ಹೆಚ್ಚು ಅಗಲದ ಬಾಯಿ ಬೇಕು. ಆಗ ಉದ್ದವೂ ಹೆಚ್ಚಿ ಪೈಪ್ ಮಡಚಬೇಕಾಗುತ್ತದೆ, ವಿನ್ಯಾಸವೇ ಬದಲಾಗುತ್ತದೆ.

ಆಂಪ್ಲಿಫೈಯರ್ ಮತ್ತು ಫಿಲ್ಟರ್

ಕ್ಲಾಸ್-ಡಿ ಎಂಬ ಬಗೆಯ ಆಂಪ್ಲಿಫೈಯರ್ ಬೋರ್ಡ್‌ಗಳು ಈಗ ಎಲ್ಲೆಡೆ ಸಿಗುತ್ತವೆ. ಟಿಪಿಎ3255 ಚಿಪ್ ಇರುವ ಬೋರ್ಡ್‌ಗೆ 36 ವೋಲ್ಟ್ ಕೊಟ್ಟರೆ 4 ಓಮ್‌ಗೆ ಸುಮಾರು 150 ವ್ಯಾಟ್ ಬರುತ್ತದೆ. ಪವರ್ ಸಪ್ಲೈಗೆ ಮೂರು ಪಿನ್‌ನ ಪ್ಲಗ್, ಸರಿಯಾದ ಅರ್ಥಿಂಗ್, ಫ್ಯೂಸ್ ಕಡ್ಡಾಯ. ಮೇನ್ಸ್ ವೈರಿಂಗ್ ಗೊತ್ತಿಲ್ಲದವರು ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇಂಥ ಬೋರ್ಡ್‌ನ ಸ್ಪೀಕರ್ ಮೈನಸ್ ತಂತಿ ನೆಲತಂತಿಯಲ್ಲ; ಅದನ್ನು ಲೋಹದ ಕವಚಕ್ಕೆ ತಾಗಿಸಬಾರದು.

ಮೇಲಿನ ಸ್ವರಗಳನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಡಿ. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಹಾಕದೆ ಬಿಡುವುದು ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರನ್ನು, ಡ್ರೈವರ್‌ಗಳು ಸಾಯುವುದೂ ಹಾಗೆ ಬಿಟ್ಟಿದ್ದರಿಂದಲೇ. ಟ್ಯೂನಿಂಗ್‌ಗಿಂತ ಕೆಳಗೆ ಪೆಟ್ಟಿಗೆಯ ಗಾಳಿ ಕೋನ್‌ಗೆ ಆಸರೆ ಕೊಡುವುದನ್ನು ನಿಲ್ಲಿಸುತ್ತದೆ. 22 ಹರ್ಟ್ಸ್‌ನ ಒಂದು ಸ್ವರ ಬಂದರೆ ಕೋನ್ ಹಿಡಿತವಿಲ್ಲದೆ ಎಗರಿ ಕಾಯಿಲ್ ತಳಕ್ಕೆ ಬಡಿಯುತ್ತದೆ. ಆದ್ದರಿಂದ 28 ಹರ್ಟ್ಸ್‌ಗೆ ಕಡಿದಾದ ಹೈ-ಪಾಸ್ (ಅದೇ ಸಬ್‌ಸಾನಿಕ್ ಫಿಲ್ಟರ್) ಹಾಕಲೇಬೇಕು. ಆಂಪ್ಲಿಫೈಯರ್‌ನಲ್ಲಿ ಆ ಸೌಲಭ್ಯವಿಲ್ಲದಿದ್ದರೆ, ಹಾಡು ಬರುವುದು ವಿಂಡೋಸ್ ಕಂಪ್ಯೂಟರ್‌ನಿಂದಾದರೆ ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶದಲ್ಲೇ ಹಾಕಬಹುದು.

ತಂತಿ ಕೂಡಿಸುವ ಮೊದಲು 1.5 ವೋಲ್ಟ್‌ನ ಬ್ಯಾಟರಿಯನ್ನು ಕ್ಷಣಮಾತ್ರ ಡ್ರೈವರ್‌ನ ಟರ್ಮಿನಲ್‌ಗಳಿಗೆ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಮುಟ್ಟಿಸಿದಾಗ ಕೋನ್ ಹೊರಗೆ ಬಂದರೆ ಗುರುತು ಸರಿಯಿದೆ. ಡ್ರೈವರ್ ಕೂರಿಸುವಾಗ ಅಂಚಿಗೆ ಬಾಗಿಲು ಸಂದಿಗೆ ಹಾಕುವ ಫೋಮ್ ಟೇಪ್ ಸುತ್ತಿ ಬಿಗಿಯಿರಿ.

ಪರೀಕ್ಷೆ

ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್‌ನಿಂದ 40 ಹರ್ಟ್ಸ್ ಸ್ವರವನ್ನು ಮೆಲ್ಲಗೆ ನುಡಿಸಿ, ಉರಿಯುವ ಊದುಬತ್ತಿಯನ್ನು ಮೂಲೆ, ಸಂದಿ, ಟರ್ಮಿನಲ್‌ಗಳ ಬಳಿ ನಿಧಾನವಾಗಿ ಸರಿಸಿ. ಹೊಗೆಯ ಎಳೆ ನಡುಗಿದ ಕಡೆ ಸೋರಿಕೆಯಿದೆ.

ಇನ್ನು ಟ್ಯೂನಿಂಗ್. ಕೋನ್‌ನ ನಡುವೆ ಸೀಮೆಸುಣ್ಣದ ಒಂದು ಚುಕ್ಕೆ ಇಡಿ. 50 ಹರ್ಟ್ಸ್‌ನಿಂದ ಒಂದೊಂದೇ ಹರ್ಟ್ಸ್ ಇಳಿಸುತ್ತಾ ಪಕ್ಕದಿಂದ ನೋಡಿ. ಮೊದಲು ಚುಕ್ಕೆ ಹಿಂದೆ ಮುಂದೆ ಓಡಿ ಬಿಳಿ ಗೆರೆಯಾಗಿ ಕಾಣುತ್ತದೆ. ಇಳಿಸಿದಂತೆ ಗೆರೆ ಗಿಡ್ಡವಾಗುತ್ತಾ ಒಂದು ಜಾಗದಲ್ಲಿ ಮತ್ತೆ ಚುಕ್ಕೆಯಾಗಿ ನಿಲ್ಲುತ್ತದೆ. ಅದೇ ಹೊತ್ತಿಗೆ ಪೈಪ್‌ನ ಬಾಯಿಗೆ ಕೈ ಹಿಡಿದರೆ ಗಾಳಿ ಬಲವಾಗಿ ಬಡಿಯುತ್ತದೆ. ಕೋನ್ ಸುಮ್ಮನಿದ್ದು ಪೈಪ್ ದುಡಿಯುವ ಆ ಅಂಕಿಯೇ ನಿಮ್ಮ ಟ್ಯೂನಿಂಗ್. 34 ಬಂದರೆ ಪೈಪ್ ಎರಡು ಸೆಂ.ಮೀ. ಕತ್ತರಿಸಿ, 35 ಬಂದರೆ ಹಾಗೇ ಎಂ-ಸೀಲ್ ಹಾಕಿ ಕೂರಿಸಿ. ಈ ಪರೀಕ್ಷೆಯನ್ನು ಯಾರೂ ಬಿಡಬಾರದು, ಕಟ್ಟುವ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವುದು ಬೇರೊಂದಿಲ್ಲ.

ಕೋಣೆ ಮತ್ತು ನೆರೆಮನೆ

12 ಅಡಿ ಉದ್ದದ ಕೋಣೆ ತಾನೇ 47 ಹರ್ಟ್ಸ್ ಸುತ್ತ ಅನುರಣಿಸುತ್ತದೆ, ಅಂದರೆ ಬೇಸ್‌ಲೈನ್‌ನ ನಟ್ಟನಡುವೆ. ಒಂದು ಕಡೆ ಆ ಸ್ವರ ಅಬ್ಬರಿಸುತ್ತದೆ, ಇನ್ನೊಂದು ಕಡೆ ಕಾಣೆಯಾಗುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಬೇಸನ್ನು ಹೀರದೆ ವಾಪಸ್ ಎಸೆಯುವುದರಿಂದ ಈ ತೊಂದರೆ ಇನ್ನೂ ಎದ್ದು ಕಾಣುತ್ತದೆ. ಹಳೆಯ ಉಪಾಯವೊಂದಿದೆ: ನೀವು ಕೂರುವ ಜಾಗದಲ್ಲಿ ಸಬ್‌ವೂಫರ್ ಇಟ್ಟು ಹಾಡು ಹಾಕಿ, ಗೋಡೆಯಂಚಿನಲ್ಲಿ ಬಗ್ಗಿಕೊಂಡು ಓಡಾಡಿ. ಎಲ್ಲ ಸ್ವರಗಳೂ ಸಮವಾಗಿ ಕೇಳುವಲ್ಲಿ ಪೆಟ್ಟಿಗೆ ತಂದಿಡಿ. ಮೂಲೆಯಲ್ಲಿಟ್ಟರೆ ಸಿಗುವ ಹೆಚ್ಚಳ ದುಪ್ಪಟ್ಟು ವ್ಯಾಟ್‌ಗೆ ಕಡಿಮೆಯೇನಲ್ಲ, ಆದರೆ ಗುಂಯ್ ಎನ್ನುವುದೂ ಹೆಚ್ಚುತ್ತದೆ.

ನೆರೆಯವರ ವಿಷಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮೊಬೈಲ್ ಆ್ಯಪ್‌ನಲ್ಲಿ ಅಷ್ಟೇ ತೋರಿಸುತ್ತಿದೆ ಎಂದು ನೆಮ್ಮದಿಯಾಗಿರಬೇಡಿ. ಅಳತೆಗೆ ಬಳಸುವ, ಕಿವಿಗೆ ಕೇಳುವುದಕ್ಕೆ ತಕ್ಕಂತೆ ಲೆಕ್ಕ ಹಾಕುವ ಎ-ತೂಕದ ಮಾಪನ 40 ಹರ್ಟ್ಸ್‌ನ ಸದ್ದನ್ನು 34 ಡೆಸಿಬಲ್‌ನಷ್ಟು ಕಡಿಮೆ ಲೆಕ್ಕ ಹಾಕುತ್ತದೆ. ಮೀಟರ್ ಸುಮ್ಮನಿದ್ದರೂ ಕೆಳಗಿನ ಮನೆಯ ಕಿಟಕಿ ಗಡಗಡ ಎನ್ನಬಹುದು. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಪಾದ ಹಾಕಿದರೆ ನೆಲಕ್ಕೆ ಇಳಿಯುವ ಅದುರು ತಗ್ಗುತ್ತದೆ, ಗಾಳಿಯಲ್ಲಿ ಹೋಗುವ ಬೇಸ್ ತಗ್ಗುವುದಿಲ್ಲ. ಹಗಲಿನಲ್ಲಿ ಒಮ್ಮೆ ಕೆಳಗಿನ ಮನೆಯವರನ್ನು ಕೇಳಿಕೊಂಡು ಅವರ ಹಾಲ್‌ನಲ್ಲಿ ನಿಂತು, ಮೇಲಿರುವ ಗೆಳೆಯರಿಂದ ವಾಲ್ಯೂಮ್ ಇಳಿಸಿಸುತ್ತಾ ಬನ್ನಿ. ಅಲ್ಲಿ ಕೇಳುವುದು ನಿಂತ ಜಾಗಕ್ಕೆ ಸಬ್‌ವೂಫರ್‌ನ ಲೆವೆಲ್ ನಾಬ್ ಪಕ್ಕ ಪೇಂಟ್‌ನಲ್ಲಿ ಒಂದು ಗುರುತು ಹಾಕಿ. ಸಂಜೆಯ ನಂತರ ನಾಬ್ ಅದಕ್ಕಿಂತ ಮೇಲೆ ಹೋಗಬಾರದು.