ಪಿಗ್ಮಿ ಆ್ಯಪ್‌ನ ಡೇಟಾಬೇಸ್: ಯಾವುದಕ್ಕೆ ಹ್ಯಾಶ್, ಯಾವುದಕ್ಕೆ ಎನ್‌ಕ್ರಿಪ್ಶನ್

ಉಡುಪಿ, ಮಂಗಳೂರು ಕಡೆಯ ಸೊಸೈಟಿಗಳಿಗೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡಿಕೊಡುವವರು ಪ್ರತಿ ಕಾಲಂ ಎದುರಿಗೂ ಕೇಳಿಕೊಳ್ಳಬೇಕಾದದ್ದು ಒಂದೇ: ಮೂಲ ಮಾಹಿತಿ ಮುಂದೆ ಯಾರಿಗಾದರೂ ಬೇಕಾಗುತ್ತದೆಯೇ? ಹಣ ಜಮಾ ಮಾಡಲು ಖಾತೆ ಸಂಖ್ಯೆ ಬೇಕು, ಹಾಗಾಗಿ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇದ್ದವರಷ್ಟೇ ಮತ್ತೆ ಓದಬಲ್ಲ ಗುಪ್ತರೂಪದಲ್ಲಿ ಇಡಿ. ಏಜೆಂಟರ ಪಾಸ್‌ವರ್ಡ್ ಮ್ಯಾನೇಜರ್‌ಗೂ ಬೇಡ, ಹ್ಯಾಶ್ ಮಾಡಿ, ಅಂದರೆ ಅದರಿಂದ ಲೆಕ್ಕ ಹಾಕಿ ತೆಗೆದ ಗುರುತನ್ನಷ್ಟೇ ಇಡಿ. ಹ್ಯಾಶ್‌ನಿಂದ ಹಿಂದಕ್ಕೆ ಬರುವ ದಾರಿಯಿಲ್ಲ. ಲಾಗಿನ್ ಆದಾಗ ಮತ್ತೆ ಹ್ಯಾಶ್ ಮಾಡಿ ಹೋಲಿಸುವುದಷ್ಟೇ.

ಪಾಸ್‌ವರ್ಡ್‌ಗೆ ಎಸ್‌ಎಚ್‌ಎ-256 ಎಂಬ ಸಾಮಾನ್ಯ ಹ್ಯಾಶ್ ವಿಧಾನ ಬೇಡ. ಅದರ ವೇಗವೇ ಒಂದೊಂದಾಗಿ ಊಹಿಸಿ ನೋಡುವ ಕಳ್ಳನಿಗೆ ಅನುಕೂಲ. ಬೇಕೆಂದೇ ನಿಧಾನವಾಗಿರುವ ಆರ್ಗಾನ್2ಐಡಿ ಬಳಸಿ: ಕನಿಷ್ಠ 19 ಎಂಐಬಿ ಮೆಮೊರಿ, 2 ಸುತ್ತು, 1 ಥ್ರೆಡ್. ಪ್ರತಿ ಪಾಸ್‌ವರ್ಡ್‌ಗೂ ಬೇರೆಯೇ ಆದ 16 ಬೈಟ್ ಸಾಲ್ಟ್ (ಹ್ಯಾಶ್ ಮಾಡುವಾಗ ಬೆರೆಸುವ ಯಾದೃಚ್ಛಿಕ ಬೈಟ್‌ಗಳು) ಇರಲಿ. ಒಳ್ಳೆಯ ಲೈಬ್ರರಿ ಅದನ್ನು ತಾನೇ ಹುಟ್ಟಿಸಿ ಹ್ಯಾಶ್ ಜೊತೆಗೇ ಇಡುತ್ತದೆ.

ಕನ್ನಡದಲ್ಲಿ ಪಾಸ್‌ವರ್ಡ್ ಕೊಡುವವರನ್ನು ಮರೆಯಬೇಡಿ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ 3 ಬೈಟ್. ‘ಉಡುಪಿ’ಗೇ 15 ಬೈಟ್ ಬೇಕು. ಪಾಸ್‌ವರ್ಡ್‌ಗೆ ಬಳಸುವ ಇನ್ನೊಂದು ಹ್ಯಾಶ್ ವಿಧಾನ ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ, ಆಮೇಲಿನದನ್ನು ಹಲವು ಲೈಬ್ರರಿಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಇನ್ನೊಂದು ತೊಡಕು ‘ಕೋಟ’ದಂಥ ಪದದ್ದು: ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ. ಕೀಬೋರ್ಡ್ ಬದಲಾದ ದಿನ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪಾಗಬಹುದು. ಹ್ಯಾಶ್‌ಗೆ ಮೊದಲು, ಬಿಡಿ ಸಂಕೇತಗಳನ್ನು ಒಂದಾಗಿಸುವ ಯುನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ಹೆಚ್ಚಿನವರು ಎಡವುವುದು ಮೊಬೈಲ್ ನಂಬರ್‌ನಲ್ಲಿ. ‘ಹ್ಯಾಶ್ ಮಾಡಿದ್ದೇವೆ, ಸುರಕ್ಷಿತ’ ಎನ್ನುವುದು ಸುಳ್ಳು ಧೈರ್ಯ. 6ರಿಂದ 9ರವರೆಗಿನ ಅಂಕಿಯಲ್ಲಿ ಶುರುವಾಗುವ 10 ಅಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟಕ್ಕೂ ಎಸ್‌ಎಚ್‌ಎ-256 ಹಾಕಿ ನೋಡಲು ಕೆಲವೇ ಸೆಕೆಂಡು ಸಾಕು. ಆದ್ದರಿಂದ ನಂಬರನ್ನೂ ಎನ್‌ಕ್ರಿಪ್ಟ್ ಮಾಡಿ. ಹುಡುಕಲು ಪಕ್ಕದ ಕಾಲಂನಲ್ಲಿ, ಪ್ರತ್ಯೇಕ ಕೀ ಬಳಸಿ, ಎಚ್‌ಮ್ಯಾಕ್-ಎಸ್‌ಎಚ್‌ಎ-256 (ಕೀ ಸೇರಿಸಿ ಮಾಡುವ ಹ್ಯಾಶ್) ಇಡಿ. ಅದಕ್ಕೂ ಮುಂಚೆ +91, ಮೊದಲಿನ ಸೊನ್ನೆ, ಖಾಲಿ ಜಾಗ ತೆಗೆದು 10 ಅಂಕಿಗೆ ತಂದರೆ ಮಾತ್ರ ಹುಡುಕಾಟ ಕೆಲಸ ಮಾಡುತ್ತದೆ.

ಎನ್‌ಕ್ರಿಪ್ಶನ್‌ಗೆ ಎಇಎಸ್-256-ಜಿಸಿಎಂ ಎಂಬ ವಿಧಾನ ಸಾಕು. ಕೀ 32 ಬೈಟ್, ನಾನ್ಸ್ (ಪ್ರತಿ ಸಲ ಹೊಸದಾಗಿ ಕೊಡುವ ಸಂಖ್ಯೆ) 12, ಟ್ಯಾಗ್ (ತಿದ್ದುಪಡಿ ಪತ್ತೆಹಚ್ಚುವ ಗುರುತು) 16. ನಾನ್ಸ್, ಟ್ಯಾಗ್ ಎರಡನ್ನೂ ಮಾಹಿತಿಯ ಜೊತೆಗೇ ಇಡಬೇಕು. ಅಂದರೆ ಕಾಲಂ ಅಳತೆ ಮೂಲಕ್ಕಿಂತ 28 ಬೈಟ್ ಹೆಚ್ಚು. ಯಾರಾದರೂ ಒಂದು ಬಿಟ್ ತಿದ್ದಿದರೂ ಟ್ಯಾಗ್ ತಾಳೆಯಾಗದೆ ಡಿಕ್ರಿಪ್ಶನ್ ನಿಲ್ಲುತ್ತದೆ. ಒಂದೇ ಕೀ ಜೊತೆ ಒಂದೇ ನಾನ್ಸ್ ಎರಡು ಸಲ ಬಂದರೆ ಗುಟ್ಟೂ ಹೋಯಿತು, ತಿದ್ದುಪಡಿ ಹಿಡಿಯುವ ಶಕ್ತಿಯೂ ಹೋಯಿತು. ಕೀ ಡೇಟಾಬೇಸ್‌ನಲ್ಲೂ ಕೋಡ್‌ನಲ್ಲೂ ಇರಬಾರದು. ಕೀಯದೇ ಬೇರೆ ಬ್ಯಾಕಪ್ ಇರಲಿ, ಕಳೆದರೆ ಮಾಹಿತಿ ವಾಪಸ್ ಬಾರದು.

‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದರೆ ಹಳೆಯ ಪಾಸ್‌ವರ್ಡನ್ನೇ ಕಳಿಸಿಕೊಡುವ ಸಾಫ್ಟ್‌ವೇರ್ ಅದನ್ನು ಹ್ಯಾಶ್ ಮಾಡಿಲ್ಲ ಎಂದೇ ಲೆಕ್ಕ. ಎನ್‌ಕ್ರಿಪ್ಟ್ ಆಗಿದ್ದರೆ ಒಂದೊಂದನ್ನೇ ಡಿಕ್ರಿಪ್ಟ್ ಮಾಡಿ, ಆರ್ಗಾನ್2ಐಡಿಗೆ ಹಾಕಿ, ಲಾಗಿನ್ ಪರೀಕ್ಷಿಸಿ ಹಳೆ ಕಾಲಂ ಅಳಿಸಿ. ಆಫೀಸಿನ ಪೆನ್‌ಡ್ರೈವ್‌ಗಳಲ್ಲಿರುವ ಹಳೆ ಬ್ಯಾಕಪ್‌ಗಳಲ್ಲೂ ಅದೇ ಕಾಲಂ ಇರುತ್ತದೆ, ಅವನ್ನೂ ಹುಡುಕಿ ಅಳಿಸಿ.